ಅಡಿಟಿಪ್ಪಣಿಯಲ್ಲಿ ಗಿಡ್ಡಮ್ಮ

ಬಸವರಾಜಪ್ಪನವರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳಹೊರಟಿರುವುದು ಯಶೋಧರಾಳ ಕಥೆ, ಆ ಕಥೆಯಲ್ಲಿ ಈ ಮನುಷ್ಯ ಬಂದೇ ಬರುತ್ತಾರೆ. ಬಂದಾಗ ನನ್ನಿಂದ ಸಮತೋಲನ, ಸಹನೆ ಇತ್ಯಾದಿಗಳನ್ನು ಯಾರೂ ನಿರೀಕ್ಷಿಸಬಾರದು.

ನಾನು ಸಂಧ್ಯಾರಾಣಿ, ನ್ಯಾಮತಿಯವಳು. ಹೊನ್ನಾಳಿಯ ಒಂದು ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ನ್ಯಾಮತಿ ಪಕ್ಕದಲ್ಲೇ ಇದ್ದರೂ ದಿನಾ ಅತ್ತಿಗೆಯ ಮುಖ ನೋಡುವ ತಾಳ್ಮೆ ಇಲ್ಲದೆ ಹೊನ್ನಾಳಿಯಲ್ಲೇ ಒಂದು ರೂಮು ಮಾಡಿಕೊಂಡಿದ್ದೇನೆ. ಕೆಳಗೆ ಇಸ್ತ್ರಿ ಅಂಗಡಿ, ಮೇಲೆ ನಾವು. ನಾವು ಎಂದರೆ ನಾನು ಮತ್ತು ಯಶೋಧರಾ. ಅವಳು ಅದೇ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾಳೆ, ಅವಳೂ ನನ್ನಂತೆಯೇ ಅತಿಥಿ. ಪಿಎಚ್.ಡಿ. ಆದರೆ ಖಾಯಂ ಹುದ್ದೆಗೆ ಅರ್ಜಿ ಹಾಕಬಹುದು ಎಂಬ ಆಸೆಯಲ್ಲಿ ಅವಳು ಸಂಶೋಧನೆಗೆ ಇಳಿದಳು. ನನಗೆ ಆ ಆಸೆಯೂ ಇಲ್ಲ, ಆ ಗ್ರಹಚಾರವೂ ಇಲ್ಲ.

ಯಶೋಧರಾಳ ಮನೆ ಜಗಳೂರಿನಲ್ಲಿ. ಅಪ್ಪ ಮೂಕಪ್ಪನವರು ಸರ್ಕಾರಿ ಹಾಸ್ಟೆಲ್ಲಿನಲ್ಲಿ ಅಡುಗೆಯವರು. ಹುಡುಗಪ್ರಾಯದಲ್ಲೇ ಬೌದ್ಧ ದೀಕ್ಷೆ ತಗೊಂಡು, ಮನೆಯ ಗೋಡೆಗೆ ಬುದ್ಧನ ಪಟ ಹಾಕಿ, ಮಗಳು ಹುಟ್ಟಿದಾಗ ಈ ಹೆಸರಿಟ್ಟರು. ಅವರ ತಾಯಿ ಗಿಡ್ಡಮ್ಮ, ಅಂದರೆ ಯಶೋಧರಾಳ ಅಜ್ಜಿ, ಬಿಳಿಚೋಡಿನಿಂದ ಆಚೆಗಿರುವ ಒಂದು ಹಳ್ಳಿಯಲ್ಲಿ ಕಿರಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಗಲಗಲ ಎನ್ನುವ ಮನೆಯಲ್ಲಿದ್ದಾಳೆ. ಆ ಹಳ್ಳಿಯ ಹೆಸರು ಬೇಡ. ಹೇಳಿದರೆ ಅಕ್ಕಪಕ್ಕದ ಹಳ್ಳಿಯವರು ತಾವೇನೋ ಬೇರೆ ಎಂದುಕೊಂಡು ಎದೆಯುಬ್ಬಿಸುತ್ತಾರೆ.

ಆ ಹಳ್ಳಿಯಲ್ಲಿ ಗಿಡ್ಡಮ್ಮಂದಿರು ಇಬ್ಬರು. ಒಬ್ಬರು ಗೌಡರ ಮನೆಯವರು. ಅವರನ್ನು ಎಲ್ಲರೂ ಗಿಡ್ಡಮ್ಮನೋರು ಎನ್ನುತ್ತಾರೆ, ಅಷ್ಟೇ. ಯಶೋಧರಾಳ ಅಜ್ಜಿಯನ್ನು ಮಾತ್ರ ಕೇರಿ ಗಿಡ್ಡಮ್ಮ ಎನ್ನುತ್ತಾರೆ. ರೇಷನ್ ಅಂಗಡಿಯಲ್ಲಿ ಕೇರಿ ಗಿಡ್ಡಮ್ಮ, ಕೂಲಿಗೆ ಕರೆಯುವಾಗ ಕೇರಿ ಗಿಡ್ಡಮ್ಮ, ಆಸ್ಪತ್ರೆಯ ಕ್ಯಾಂಪು ಬಂದಾಗ ಮೈಕಿನಲ್ಲೂ ಕೇರಿ ಗಿಡ್ಡಮ್ಮ. ಅಜ್ಜಿಗೆ ಇದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು ಎಂದು ಯಶೋಧರಾಗೆ ಸಣ್ಣಂದಿನಿಂದ ಗೊತ್ತಿತ್ತು. ಹಾಗೆ ಕರೆದವರಿಗೆ ಅಜ್ಜಿ ಓ ಎನ್ನುತ್ತಿರಲಿಲ್ಲ. ಇನ್ನೊಂದು ಸಲ ಕೂಗಲಿ ಎಂದು ಸುಮ್ಮನಿರುತ್ತಿದ್ದಳು. ಅವರು ಅದನ್ನೇ ಇನ್ನೊಂದು ಸಲ ಇನ್ನೂ ಜೋರಾಗಿ ಕೂಗುತ್ತಿದ್ದರು.

ಯಶೋಧರಾ ಸಂಶೋಧನೆಗೆ ಆರಿಸಿಕೊಂಡ ವಿಷಯ ಜಗಳೂರು ಸೀಮೆಯ ಸೇದುವ ಬಾವಿಗಳು. ನಲ್ಲಿ, ಬೋರು ಬರುವ ಮುಂಚೆ ನೀರು ಯಾರಿಗೆ ಹೇಗೆ ಸಿಗುತ್ತಿತ್ತು ಎನ್ನುವುದನ್ನು ವಯಸ್ಸಾದ ಹೆಂಗಸರ ಬಾಯಿಂದಲೇ ಕೇಳಿ ಬರೆಯಬೇಕು ಎಂದು ಹಟ ಹಿಡಿದಳು. ಬಿಸಿಲು ಎನ್ನಲಿಲ್ಲ, ನಾಯಿ ಎನ್ನಲಿಲ್ಲ, ಹಳ್ಳಿ ಹಳ್ಳಿ ಸುತ್ತಿದಳು. ಮೆಕ್ಕೆಜೋಳ ಬಿಡಿಸುವವರ ಮುಂದೆ ತಾನೂ ಕೂತು ಬಿಡಿಸುತ್ತ, ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿಕೊಂಡಳು. ಸ್ವಂತ ಅಜ್ಜಿಯದೂ ಮಾಡಿಕೊಂಡಳು, ಗೌಡರ ಮನೆಯ ಗಿಡ್ಡಮ್ಮನವರದೂ ಮಾಡಿಕೊಂಡಳು.

ಗೌಡರ ಮನೆಯ ಗಿಡ್ಡಮ್ಮನವರು ಹೇಳಿದ್ದು ಇದು: "ನಮ್ಮೂರಾಗೆ ಯಾರಿಗೂ ಯಾರೂ ನೀರಿಗೆ ಇಲ್ಲ ಅಂದಿಲ್ಲಮ್ಮ. ಎಲ್ರೂ ಚೆನ್ನಾಗಿದ್ವಿ."

ಅಜ್ಜಿ ಹೇಳಿದ್ದು ಇದು: "ಬಾವಿ ಕಟ್ಟೆ ಕೆಳಗೆ ಕೊಡ ಇಟ್ಕಂಡು ಕುಂತಿರ್ತಿದ್ವಿ. ಮೇಲಿಂದ ಯಾರಾದ್ರೂ ಸುರುವಿದ್ರೆ ನೀರು, ಇಲ್ದಿದ್ರೆ ಇಲ್ಲ. ನಮ್ಮತ್ತೆ ಒಂದ್ಸಲ ಹಗ್ಗ ಮುಟ್ಟಿದ್ಲು ಅಂತ ಗೌಡ್ರ ಮನೇರು ಅವ್ಳ ಕೊಡ ಒಡೆದು ಹಾಕಿದ್ರು. ಮಡಕೆ ಚೂರು ನಾನೇ ಆರಿಸ್ಕಂಡು ಬಂದೆ."

ಪ್ರಬಂಧದ ಮೂರನೆಯ ಅಧ್ಯಾಯ ನಿಂತಿದ್ದು ಅಜ್ಜಿಯ ಈ ಮಾತಿನ ಮೇಲೆ.

ಸಂಶೋಧನೆಯ ಗೊಡವೆ ಇಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಪ್ರಬಂಧದಲ್ಲಿ ಯಾರ ಮಾತನ್ನು ಬಳಸಿಕೊಂಡರೂ ಅದು ಯಾರದು, ಎಲ್ಲಿಯದು ಎಂದು ಪುಟದ ಕೆಳಗೆ ಅಡಿಟಿಪ್ಪಣಿಯಲ್ಲಿ ತೋರಿಸಬೇಕು. ಹಿಂದಿನವರು ಇದನ್ನು ಚೀಟಿಗಳಲ್ಲಿ ಬರೆದು ರಬ್ಬರ್ ಬ್ಯಾಂಡ್ ಹಾಕಿಡುತ್ತಿದ್ದರು. ಈಗ ಅದಕ್ಕೊಂದು ಸಾಫ್ಟ್‌ವೇರ್ ಇದೆ. ಪುಸ್ತಕ, ಲೇಖನ, ಸಂದರ್ಶನ ಯಾವುದೇ ಇರಲಿ, ವಿವರ ಒಮ್ಮೆ ತುಂಬಿಟ್ಟರೆ ಆಯಿತು. ಬರೆಯುವಾಗ ಒಂದು ಗುಂಡಿ ಒತ್ತಿದರೆ ಅಡಿಟಿಪ್ಪಣಿ ತಾನಾಗಿ ಬಂದು ಕೂರುತ್ತದೆ. ಕೊನೆಯ ಆಕರಪಟ್ಟಿಯನ್ನೂ ಅದೇ ಜೋಡಿಸಿಕೊಡುತ್ತದೆ. ಅಲ್ಲಿ ಒಂದು ಹೆಸರನ್ನು ಬದಲಿಸಿದರೆ ಪ್ರಬಂಧದ ಉದ್ದಕ್ಕೂ ಆ ಹೆಸರು ಬದಲಾಗುತ್ತದೆ. ಯಶೋಧರಾಳಿಗೆ ಮುಳುವಾದದ್ದು ಈ ಕೊನೆಯ ಅನುಕೂಲವೇ.

ಅವಳ ಮಾರ್ಗದರ್ಶಕರು ಈ ಬಸವರಾಜಪ್ಪನವರು. ಚನ್ನಗಿರಿಯಲ್ಲಿ ದೊಡ್ಡ ಮನೆ, ಮನೆಯ ಪಡಸಾಲೆಯಲ್ಲಿ ಉಯ್ಯಾಲೆ, ಉಯ್ಯಾಲೆಯ ಮೇಲೆ ಇವರು, ಇವರ ತೊಡೆಯ ಮೇಲೆ ಲ್ಯಾಪ್‌ಟಾಪ್. ಅವರ ವಿದ್ಯಾರ್ಥಿಗಳೆಲ್ಲ ತಮ್ಮ ಆಕರಗಳನ್ನು ಆ ಸಾಫ್ಟ್‌ವೇರಿನಲ್ಲಿ ಒಂದೇ ಸಾಮೂಹಿಕ ಭಂಡಾರಕ್ಕೆ ಹಾಕಬೇಕು, ಅದರ ಯಜಮಾನಿಕೆ ಇವರದು. ಬೇಕಾದ್ದನ್ನು ತಿದ್ದುತ್ತಾರೆ, ಬೇಡಾದ್ದನ್ನು ಅಳಿಸುತ್ತಾರೆ, ಕೇಳುವುದಿಲ್ಲ. ಅದಕ್ಕೆ ಅವರಿಟ್ಟ ಹೆಸರು 'ಭಂಡಾರ ಶುಚಿ ಮಾಡುವುದು'. ಜಗಳೂರಿನ ವಿದ್ಯಾರ್ಥಿಗಳು ಶೇಂಗಾ ಹೊತ್ತುಕೊಂಡು ಹೋಗಬೇಕು, ನಲ್ಲೂರಿನವರು ಅಡಿಕೆ. ಯಶೋಧರಾ ತಂದ ಶೇಂಗಾ ಮಾತ್ರ ಉಯ್ಯಾಲೆಯ ಹತ್ತಿರಕ್ಕೆ ಹೋಗದೆ ಹೊರಗಿನ ಕಟ್ಟೆಯ ಮೇಲೇ ಇರುತ್ತಿತ್ತು. ಅವಳು ಅದನ್ನು ನೋಡಿಯೂ ನೋಡದಂತೆ ಬರುತ್ತಿದ್ದಳು. ನನಗೆ ಆ ಸಹನೆ ಕಂಡರೆ ಮೈ ಉರಿಯುತ್ತಿತ್ತು.

ಅವಳು ಸಂದರ್ಶನಗಳ ವಿವರ ತುಂಬುತ್ತಿದ್ದ ದಿನ ನಾನು ಪಕ್ಕದಲ್ಲೇ ಇದ್ದೆ. ಒಂದೇ ಹೆಸರಿನವರು ಇದ್ದಲ್ಲೆಲ್ಲ ನಮ್ಮ ಕಡೆಯ ರೂಢಿಯಂತೆ ಗಂಡನ ಹೆಸರನ್ನೋ ಮನೆತನದ ಹೆಸರನ್ನೋ ಸೇರಿಸುತ್ತ ಬಂದವಳು, ಈ ಇಬ್ಬರ ಹತ್ತಿರ ಬಂದಾಗ ಏನನ್ನೂ ಸೇರಿಸಲಿಲ್ಲ. ಗಿಡ್ಡಮ್ಮ, ಹಳ್ಳಿಯ ಹೆಸರು, ವರ್ಷ. ಅದರ ಕೆಳಗೆ ಮತ್ತೆ ಗಿಡ್ಡಮ್ಮ, ಅದೇ ಹಳ್ಳಿ, ಅದೇ ವರ್ಷ.

"ಇಬ್ಬರೂ ಒಂದೇ ಥರ ಕಾಣ್ತಾರಲ್ಲೇ" ಎಂದೆ.

"ಕಾಣ್ಲಿ ಬಿಡು" ಅಂದಳು. "ಇಲ್ಲಾದ್ರೂ ಕಾಣ್ಲಿ."

ಅವಳು ಮುಂದಿನ ಹೆಸರಿಗೆ ಹೋದಳು.

ಪ್ರಬಂಧ ಸಲ್ಲಿಸುವ ಮುಂಚೆ ವಿಶ್ವವಿದ್ಯಾಲಯದ ವಿಭಾಗದಲ್ಲಿ ಎಲ್ಲರೆದುರು ಒಂದು ಮಂಡನೆ ಇರುತ್ತದೆ. ಅದರ ಹಿಂದಿನ ದಿನ ಬಸವರಾಜಪ್ಪನವರ ಫೋನ್ ಬಂತು. ಅಡಿಟಿಪ್ಪಣಿಗಳ ಶೈಲಿ ಸರಿಯಿಲ್ಲ, ತಾವು ಹೇಳಿದ ಶೈಲಿಗೆ ಬದಲಿಸಿ ಪ್ರಿಂಟ್ ತೆಗೆಸು ಎಂದರು. ಅವಳು ಶೈಲಿ ಬದಲಿಸಿದಳು. ಸಾಫ್ಟ್‌ವೇರು ಭಂಡಾರದಿಂದ ಎಲ್ಲ ಹೆಸರುಗಳನ್ನೂ ಮತ್ತೊಮ್ಮೆ ಎಳೆದು ತಂದು ಕೂರಿಸಿತು. ಅಂಗಡಿಯವನು ಪ್ರಿಂಟ್ ತೆಗೆದು ಬೈಂಡ್ ಮಾಡಿಕೊಟ್ಟ. ಅಷ್ಟು ದಪ್ಪನೆಯ ಪುಸ್ತಕದ ಅಡಿಟಿಪ್ಪಣಿಗಳನ್ನು ಮತ್ತೆ ಓದುವಷ್ಟು ಸಮಯ ಇರಲಿಲ್ಲ.

ಮಂಡನೆಗೆ ನಾನೂ ಹೋಗಿದ್ದೆ. ಯಶೋಧರಾ ಚೆನ್ನಾಗಿಯೇ ಮಾತಾಡಿದಳು. ಆಮೇಲೆ ಹೊರಗಿನಿಂದ ಬಂದಿದ್ದ ತಜ್ಞರೊಬ್ಬರು ಮೂರನೆಯ ಅಧ್ಯಾಯ ತೆಗೆದು, ಕನ್ನಡಕ ಸರಿಮಾಡಿಕೊಂಡು ಓದಿದರು.

"ಗೌಡರ ಮನೆಯ ಗಿಡ್ಡಮ್ಮ ಎಂಬವರು ಒಂದು ಪ್ಯಾರಾದಲ್ಲಿ ಯಾರಿಗೂ ನೀರು ನಿರಾಕರಿಸಿಲ್ಲ ಅಂತಾರೆ. ಅದೇ ಪುಟದ ಮುಂದಿನ ಪ್ಯಾರಾದಲ್ಲಿ ಅದೇ ಗಿಡ್ಡಮ್ಮ ತಾವೇ ಕಟ್ಟೆ ಕೆಳಗೆ ಕೊಡ ಇಟ್ಟುಕೊಂಡು ಕಾಯ್ತಿದ್ದೆ, ತಮ್ಮ ಅತ್ತೆಯ ಕೊಡ ಒಡೆದರು ಅಂತಾರೆ. ಇಂಥ ಸಾಕ್ಷಿಯನ್ನು ನಂಬಿ ಒಂದು ಅಧ್ಯಾಯ ಬರೆದಿದ್ದೀರಲ್ಲ?"

ಸಭೆಯಲ್ಲಿ ಕಿಸಕ್ಕೆಂದರು. ಯಶೋಧರಾ ಪುಟ ತಿರುವಿದಳು, ಮತ್ತೆ ತಿರುವಿದಳು. ಅಜ್ಜಿಯ ಮಾತುಗಳೆಲ್ಲ ಗೌಡರ ಮನೆಯ ಗಿಡ್ಡಮ್ಮನವರ ಹೆಸರಿನಲ್ಲಿದ್ದವು. ಆಕರಪಟ್ಟಿಯಲ್ಲಿ ಅಜ್ಜಿ ಇರಲೇ ಇಲ್ಲ. ಬಸವರಾಜಪ್ಪನವರು ಮುಂದಿನ ಸಾಲಿನಲ್ಲಿ ಕೂತು ಚಾವಣಿಯ ಫ್ಯಾನು ನೋಡುತ್ತಿದ್ದರು.

ಹೊರಗೆ ಬಂದ ಮೇಲೆ ಅವಳು ಅವರನ್ನೇ ಕೇಳಿದಳು. ಅವರು ಮುಚ್ಚಿಡಲೂ ಇಲ್ಲ.

"ಡಬಲ್ ಆಗಿತ್ತಮ್ಮ. ಒಂದೇ ಹೆಸರು, ಒಂದೇ ಊರು, ಒಂದೇ ವರ್ಷ. ಇವೆರಡೂ ಒಂದೇನಾ ಅಂತ ಸಾಫ್ಟ್‌ವೇರೇ ಕೇಳಿತು. ಹೌದು ಅಂತ ಸೇರಿಸಿ, ನನಗೆ ಗೊತ್ತಿದ್ದ ಹಾಗೆ ಗೌಡರ ಮನೆ ಅಂತ ಹಾಕಿದೆ. ಆ ಊರಲ್ಲಿ ಗಿಡ್ಡಮ್ಮ ಅಂದರೆ ಅವರೇ ಅಲ್ವಾ?"

"ಇನ್ನೊಬ್ಬಳು ನಮ್ಮಜ್ಜಿ ಸರ್."

"ಹಾಗಿದ್ರೆ ಹೋಗಿದ್ದೇ ಒಳ್ಳೇದಾಯ್ತು. ಸ್ವಂತ ಅಜ್ಜಿಯನ್ನ ಆಕರ ಮಾಡ್ಕೊಂಡ್ರೆ ಅದು ಸಂಶೋಧನೆ ಅನ್ನಿಸ್ಕೊಳ್ಳಲ್ಲ. ಆ ಮಾತುಗಳನ್ನೂ ತೆಗೆದುಬಿಡು, ಸೈನ್ ಮಾಡ್ತೀನಿ."

ನೋಡಿ, ಎಷ್ಟು ಸಲೀಸು. ಅವರ ಇನ್ನೊಬ್ಬ ವಿದ್ಯಾರ್ಥಿ ತನ್ನ ಸೋದರಮಾವನ ತೋಟದ ಮೇಲೆ ಪ್ರಬಂಧ ಬರೆದು, ಸೋದರಮಾವನ ಮಾತನ್ನೇ ಪುಟಗಟ್ಟಲೆ ಹಾಕಿ, ಡಾಕ್ಟರ್ ಆಗಿ ತಿರುಗುತ್ತಿದ್ದಾನೆ. ಅಲ್ಲಿ ಅದು ಅನುಭವ ಸಾಕ್ಷ್ಯ. ಇಲ್ಲಿ ಅಜ್ಜಿ ಬಂದ ಕೂಡಲೇ ಪಕ್ಷಪಾತ. ನಾನು ಅವರಿಗೆ ಅಲ್ಲೇ ನಾಲ್ಕು ಮಾತು ಹೇಳಬೇಕೆಂದು ಬಾಯಿ ತೆರೆದೆ. ಯಶೋಧರಾ ನನ್ನ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಎಳೆದುಕೊಂಡು ಹೋದಳು.

ಅಷ್ಟರಲ್ಲಿ ಸಭೆಯಲ್ಲಿದ್ದ ಯಾರೋ ಪುಣ್ಯಾತ್ಮರು ಆ ಪುಟದ ಫೋಟೋ ತೆಗೆದು ವಾಟ್ಸ್ಯಾಪಿನಲ್ಲಿ ಹರಿಬಿಟ್ಟಿದ್ದರು. ನಾವು ಬಸ್ಸಿನಲ್ಲಿರುವಾಗಲೇ ಯಶೋಧರಾಗೆ ಗುರುಸ್ವಾಮಿಯ ಫೋನ್ ಬಂತು. ಗುರುಸ್ವಾಮಿ ಗೌಡರ ಮನೆಯ ಗಿಡ್ಡಮ್ಮನವರ ಮಗ, ಊರಿನ ಯಜಮಾನಿಕೆ ಮಾಡುವವನು. ಅವನ ಧ್ವನಿ ನನಗೂ ಕೇಳಿಸುತ್ತಿತ್ತು.

"ನಮ್ಮವ್ವ ಕಟ್ಟೆ ಕೆಳಗೆ ಕುಂತು ನೀರಿಗೆ ಕಾದ್ಲಾ? ನಮ್ಮವ್ವನ್ನ ಯಾರ ಸಾಲಿಗೆ ಸೇರ್ಸೀಯ ನೀನು? ಓದಿದ್ದು ಹೆಚ್ಚಾಗೈತಾ? ಅದ್ನ ತೆಗೀಲಿಲ್ಲ ಅಂದ್ರೆ ನಿಮ್ಮ ಚಿಕ್ಕಪ್ಪ ಊರಾಗೆ ಹೆಂಗೆ ಬಾಳುವೆ ಮಾಡ್ತಾನೆ ನೋಡ್ತೀನಿ."

ಅಂದಿನಿಂದ ಅವಳ ಚಿಕ್ಕಪ್ಪನ ಕುರಿಗಳನ್ನು ಕೊಯ್ಲು ಮುಗಿದ ಗೌಡರ ಹೊಲದ ಕೂಳೆಯಲ್ಲಿ ಮೇಯಲು ಬಿಡಲಿಲ್ಲ. ಅಂಗಡಿಯಲ್ಲಿ ಚಿಕ್ಕಮ್ಮನಿಗೆ ಸಾಮಾನು ಕೊನೆಗೆ. ಊರೆಲ್ಲ ಮುಖ ತಿರುಗಿಸಿತು. ಚಿಕ್ಕಪ್ಪನೂ ಫೋನ್ ಮಾಡಿ, "ಆ ಪುಸ್ತಕದಾಗೆ ನಮ್ಮ ಗೋಳು ಬರೆಯಾಕೆ ನಿಂಗೆ ಯಾರು ಹೇಳಿದ್ರು" ಎಂದ. ಯಶೋಧರಾ ಊಟ ಬಿಟ್ಟಳು. ತೆಗೆದರೆ ಅಜ್ಜಿಯ ಮಾತು ಹೋಗುತ್ತದೆ. ಉಳಿಸಿದರೆ ಸಹಿ ಇಲ್ಲ, ಡಿಗ್ರಿ ಇಲ್ಲ, ಚಿಕ್ಕಪ್ಪನಿಗೆ ಊರಿನಲ್ಲಿ ನೆಮ್ಮದಿಯೂ ಇಲ್ಲ. ತೆಗೆದುಬಿಡೇ ಎಂದು ಹೇಳುವ ಧೈರ್ಯ ನನಗಿರಲಿಲ್ಲ, ಉಳಿಸು ಎನ್ನಲೂ ಬಾಯಿ ಬರಲಿಲ್ಲ, ಹೋಗುವುದು ನನ್ನ ಗಂಟಲ್ಲವಲ್ಲ.

ಭಾನುವಾರ ಇಬ್ಬರೂ ಅಜ್ಜಿಯ ಹತ್ತಿರ ಹೋದೆವು. ಅಜ್ಜಿ ಬಾಗಿಲಲ್ಲಿ ಕೂತು ಬಿತ್ತನೆಗೆಂದು ಶೇಂಗಾ ಸುಲಿಯುತ್ತಿದ್ದಳು. ಯಶೋಧರಾ ನಡೆದದ್ದನ್ನೆಲ್ಲ ಹೇಳಿದಳು. ಕಂಪ್ಯೂಟರು ಇಬ್ಬರನ್ನೂ ಒಬ್ಬರೇ ಅಂದುಕೊಂಡಿದ್ದನ್ನು ಕೇಳಿ ಅಜ್ಜಿಗೆ ನಗು ಬಂತು.

"ಅದಕ್ಕಾದ್ರೂ ಹಂಗೆ ಅನ್ನಿಸ್ತಲ್ಲ" ಅಂದಳು.

"ಅಜ್ಜಿ, ಈಗ ಬೇರೆ ಮಾಡ್ಬೇಕು. ಬೇರೆ ಮಾಡಾಕೆ ಯಾರ್ದಾದ್ರೂ ಹೆಸ್ರಿನ ಜೊತೆ ಏನಾದ್ರೂ ಹಾಕ್ಬೇಕು. ಇಲ್ದಿದ್ರೆ ಮತ್ತೆ ಕಲಸಿ ಹೋಗ್ತೈತೆ." ಅವಳು ತಲೆ ತಗ್ಗಿಸಿದ್ದಳು. "ನಿನ್ನ ಹೆಸ್ರಿಗೆ ಕೇರಿ ಅಂತ ಹಾಕಾಕೆ ನಂಗೆ ಕೈ ಬರಲ್ಲ. ನಿನ್ನ ಮಾತನ್ನೇ ತೆಗೆದುಬಿಡ್ಲಾ? ಚಿಕ್ಕಪ್ಪಂಗೂ ತೊಂದ್ರೆ ತಪ್ತೈತೆ."

ಅಜ್ಜಿ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. "ಚೂರು ಆರಿಸಿದ್ದು ನಾನು. ಅದ್ನ ಯಾಕೆ ತೆಗೀತೀಯ? ಕುರಿ ಬ್ಯಾರೆ ಕಡೆ ಮೇಯ್ತಾವೆ."

"ಮತ್ತೆ ಹೆಸ್ರು?"

"ನಂದು ಬರೀ ಗಿಡ್ಡಮ್ಮ. ಏನಾದ್ರೂ ಹಾಕ್ಲೇಬೇಕು ಅಂದ್ರೆ ಅವ್ಳಿಗೆ ಹಾಕು. ಊರೊಳಗಿನ ಗಿಡ್ಡಮ್ಮ ಅಂತ ಹಾಕು. ಯಾವಾಗ್ಲೂ ನಂಗೇ ಯಾಕೆ ಹಾಕ್ಬೇಕು?"

ಯಶೋಧರಾ ಅಲ್ಲೇ ಹೊಸ್ತಿಲ ಮೇಲೆ ಲ್ಯಾಪ್‌ಟಾಪ್ ತೆರೆದಳು. ಸಾಮೂಹಿಕ ಭಂಡಾರದಿಂದ ತನ್ನ ಸಂದರ್ಶನಗಳನ್ನೆಲ್ಲ ಹೊರಗೆ ತಂದು ತನ್ನದೇ ಬೇರೆ ಭಂಡಾರ ಮಾಡಿಕೊಂಡಳು. ಅಜ್ಜಿಯ ಹೆಸರು ಹೊಸದಾಗಿ ತುಂಬಿದಳು: ಗಿಡ್ಡಮ್ಮ. ಇನ್ನೊಬ್ಬರದು: ಗಿಡ್ಡಮ್ಮ, ಊರೊಳಗಿನ. ಪ್ರತಿ ಮಾತನ್ನೂ ರೆಕಾರ್ಡಿಂಗ್ ಕೇಳಿ ಕೇಳಿ ಅದರದರ ಒಡತಿಗೆ ಸೇರಿಸಿದಳು. ಅವಳ ಮುಖಕ್ಕೆ ಆಗ ಬಂದ ಕಳೆಯನ್ನು ನಾನು ಆ ವರ್ಷವೆಲ್ಲ ಕಂಡಿರಲಿಲ್ಲ.

ಮಾರನೆಯ ದಿನ ಚನ್ನಗಿರಿಗೆ ಹೋದೆವು. ಈ ಸಲ ಶೇಂಗಾ ಒಯ್ಯಬೇಡ ಎಂದು ನಾನೇ ತಡೆದೆ. ಬಸವರಾಜಪ್ಪನವರು ಹೊಸ ಪ್ರತಿಯನ್ನು ಉಯ್ಯಾಲೆಯ ಮೇಲೆ ಕೂತೇ ತಿರುವಿದರು. ಮುಖ ಹುಳ್ಳಗಾಯಿತು.

"ಇದೇನು, ಗೌಡರ ಮನೆಯವರಿಗೆ ವಿಶೇಷಣ, ನಿಮ್ಮಜ್ಜಿಗೆ ಇಲ್ಲ? ಲೋಕರೂಢಿ ಹಾಗಿಲ್ಲವಲ್ಲ."

"ರೂಢಿ ಹಂಗಿಲ್ಲ ಸರ್" ಎಂದಳು ಯಶೋಧರಾ.

"ನಂಗೂ ಆ ಗುರುಸ್ವಾಮಿ ಫೋನ್ ಮಾಡಿದ್ದ. ಊರ ಜಗಳ ನನ್ನ ತಲೆಗೆ ಬೇಡಮ್ಮ. ಒಂದು ಕೆಲಸ ಮಾಡು. ಅವರ ಮನೆಯವರು ಇದಕ್ಕೆ ತಕರಾರಿಲ್ಲ ಅಂದರೆ ಸೈನ್ ಮಾಡ್ತೀನಿ. ಇಲ್ಲಾಂದ್ರೆ ನಿಮ್ಮಜ್ಜಿ ಮಾತು ತೆಗೀಬೇಕು."

ಒಬ್ಬ ವಿದ್ವಾಂಸರು ಪ್ರಬಂಧದ ಹಣೆಬರಹವನ್ನು ಯಾರ ಜಗಲಿಗೆ ಕಳಿಸಿದರು ನೋಡಿ. ಕೊಡ ಒಡೆದವರ ಜಗಲಿಗೆ. ಇವರ ಹೆಸರಿನ ಮೊದಲು ಡಾಕ್ಟರ್ ಎಂದು ಬರೆದ ಬೋರ್ಡು ಗೇಟಿನಲ್ಲಿ ನೇತಾಡುತ್ತಿತ್ತು. ಹೊರಗೆ ಬರುವಾಗ ಅದಕ್ಕೆ ಉಗಿಯಬೇಕು ಅನ್ನಿಸಿತು, ಉಗಿಯಲಿಲ್ಲ. ಈಗಲೂ ಆ ಬಗ್ಗೆ ಬೇಜಾರಿದೆ.

ನಾವು ಮತ್ತೆ ಹಳ್ಳಿಗೆ ಹೋದಾಗ ಗೌಡರ ಮನೆಯ ಜಗಲಿಯ ಮೇಲೆ ಗುರುಸ್ವಾಮಿ ಕೂತಿದ್ದ. ಪಕ್ಕದಲ್ಲಿ ಕಂಬಕ್ಕೆ ಒರಗಿ ಅವನ ತಾಯಿ ಗಿಡ್ಡಮ್ಮನವರು. ಯಶೋಧರಾಗೆ ಕೂರು ಎನ್ನಲಿಲ್ಲ. ನನ್ನೊಬ್ಬಳಿಗೆ ಅವರು ಚಾಪೆ ತೋರಿಸಿದರು, ಯಶೋಧರಾ ನಿಂತಿದ್ದರಿಂದ ನಾನೂ ನಿಂತೆ.

ಯಶೋಧರಾ ಹೊಸ ಪುಟ ತೆಗೆದು ತೋರಿಸಿದಳು. "ಗುರುಸ್ವಾಮಣ್ಣ, ತಪ್ಪು ಸರಿಯಾಗೈತೆ. ನಿಮ್ಮವ್ವ ಹೇಳಿದ್ದು ನಿಮ್ಮವ್ವನ ಹೆಸ್ರಿಗೈತೆ, ನಮ್ಮಜ್ಜಿ ಹೇಳಿದ್ದು ನಮ್ಮಜ್ಜಿ ಹೆಸ್ರಿಗೈತೆ."

ಅವನು ಪುಟ ಕಿತ್ತುಕೊಂಡು ಓದಿದ. ತಾಯಿಗೆ ಕೇಳುವಂತೆ ಗಟ್ಟಿಯಾಗಿಯೇ ಓದಿದ. ಬಾವಿ ಕಟ್ಟೆ, ಹಗ್ಗ, ಕೊಡ, ಚೂರು ಎಲ್ಲವನ್ನೂ ಓದಿದ. ಅವನ ದನಿ ಎಲ್ಲೂ ತಡವರಿಸಲಿಲ್ಲ. ಕೆಳಗಿನ ಅಡಿಟಿಪ್ಪಣಿಗೆ ಬಂದಾಗ ನಿಂತ.

"ನಮ್ಮವ್ವನ ಹೆಸ್ರಿಗೆ ಏನಿದು? ಊರೊಳಗಿನ ಅಂತೆ."

"ನನ್ನ ಹೆಸ್ರಿಗೆ ಯಾಕಮ್ಮ ಅದೆಲ್ಲ ಅಂಟಿಸೀಯ?" ಎಂದರು ಗಿಡ್ಡಮ್ಮನವರು. "ನಾನು ಹುಟ್ಟಿದಾಗ್ಲಿಂದ ಬರೀ ಗಿಡ್ಡಮ್ಮ. ಅವ್ಳಿಗೆ ಏನೂ ಇಲ್ಲ, ನಂಗ್ಯಾಕೆ?"

"ತೆಗಿ ಅದ್ನ" ಎಂದ ಗುರುಸ್ವಾಮಿ. "ಬೇಕಾರೆ ನಿಮ್ಮಜ್ಜಿಗೆ ಹಾಕ್ಕ."

"ನಮ್ಮಜ್ಜಿಗೆ ಹಾಕಲ್ಲಣ್ಣ. ಬೇಕಾದ್ರೆ ನಿಮ್ಮವ್ವಂದು ತೆಗೀತೀನಿ." ಯಶೋಧರಾ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಜಗಲಿಯ ಅಂಚಿಗೆ ಇಟ್ಟಳು. "ಆದ್ರೆ ತೆಗೆದ್ರೆ ಇಬ್ರೂ ಒಂದೇ ಆಗ್ತಾರೆ. ಹಂಗೆ ಆಗ್ಬಹುದು ಅಂದ್ರೆ ಈಗ್ಲೇ ನಿಮ್ಮ ಕಣ್ಮುಂದೇನೇ ತೆಗೀತೀನಿ. ಹೇಳ್ರಿ."

ಗುರುಸ್ವಾಮಿ ತಾಯಿಯ ಮುಖ ನೋಡಿದ. ಅವರು ಅಂಗಳದ ಕಡೆ ನೋಡುತ್ತಿದ್ದರು. ಲ್ಯಾಪ್‌ಟಾಪು ಜಗಲಿಯನ್ನು ಮುಟ್ಟಿದ್ದು ಅವನಿಗೆ ಹಿಡಿಸಲಿಲ್ಲ ಎಂದು ಕಣ್ಣಲ್ಲೇ ಗೊತ್ತಾಯಿತು, ಆದರೆ ಅದನ್ನೂ ಅವನು ಹೇಳಲಿಲ್ಲ.

"ಹಂಗೇ ಇರ್ಲಿ" ಎಂದ ಕೊನೆಗೆ. "ಬ್ಯಾರೆ ಬ್ಯಾರೆ ಇರ್ಲಿ. ಹೋಗು."

ನಮ್ಮೆದುರೇ ಬಸವರಾಜಪ್ಪನವರಿಗೆ ಫೋನ್ ಮಾಡಿ, ತಕರಾರಿಲ್ಲ ಸಾರ್ ಎಂದ. ಯಶೋಧರಾ ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಬಸ್ಸಿಗೆ ನಡೆದು ಹೋಗುವಾಗ ಅವಳು ಅತ್ತಳು, ನಾನು ಬೈದೆ. ಯಾರಿಗೆ ಬೈದೆ ಎಂದು ನನಗೇ ಗೊತ್ತಿಲ್ಲ, ದಾರಿಯುದ್ದಕ್ಕೂ ಬೈದೆ. ಆ ಗುರುಸ್ವಾಮಿ ನಮ್ಮ ಮುಂದೆ ಹೆಸರಿನ ಬಗ್ಗೆ ಮಾತಾಡಿದ, ಸಾಲಿನ ಬಗ್ಗೆ ಮಾತಾಡಿದ, ಮಾನದ ಬಗ್ಗೆ ಮಾತಾಡಿದ. ಕೊಡ ಒಡೆದದ್ದು ಸುಳ್ಳು ಎಂದು ಮಾತ್ರ ಒಂದು ಸಲವೂ ಹೇಳಲಿಲ್ಲ.